ತುಮಕೂರು ರಸ್ತೆಯ ಕೆಮ್ಮು

ಯಶವಂತಪುರ ದಾಟಿದ ಮೇಲೆ ಗೊರಗುಂಟೆಪಾಳ್ಯ, ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಎಂದು ಒಂದೊಂದೇ ಊರನ್ನು ಒಳಗೆ ಹಾಕಿಕೊಳ್ಳುತ್ತ ಸಾಗುವ ತುಮಕೂರು ರಸ್ತೆಗೆ ಅಂಟಿಕೊಂಡೇ ನಾಗಸಂದ್ರವಿದೆ. 2015ರ ಮೇ ತಿಂಗಳಿಂದ 2024ರ ನವೆಂಬರ್‌ವರೆಗೆ ಮೆಟ್ರೊ ಹಸಿರು ಮಾರ್ಗದ ಕೊನೆಯ ನಿಲ್ದಾಣ ಇದಾಗಿತ್ತು. ಪೀಣ್ಯದ ಶೆಡ್ಡುಗಳಿಗೂ ಗಾರ್ಮೆಂಟ್ಸ್‌ಗಳಿಗೂ ಕೆಲಸಕ್ಕೆ ಹೋಗುವವರು ಇಲ್ಲಿನ ಒಂದು ಕೋಣೆ, ಎರಡು ಕೋಣೆಯ ಮನೆಗಳಲ್ಲಿ ಬಾಡಿಗೆಗಿದ್ದಾರೆ. ವೈದ್ಯಕೀಯದ ಇತಿಹಾಸ ಬರೆಯುವವರು ಈ ರಸ್ತೆಯ ಕಡೆ ತಿರುಗಿ ನೋಡುವುದು ಕಡಿಮೆ. ಅವರ ಕಣ್ಣು ಕೋಟೆ ಪ್ರದೇಶದ ವಿಕ್ಟೋರಿಯಾ, ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆಗಳ ಮೇಲೆಯೇ ನೆಟ್ಟಿರುತ್ತದೆ. ಆದರೆ ರೋಗಿಯನ್ನು ಸರಿಯಾಗಿ ವಿಚಾರಿಸುವುದು, ಮಾತ್ರೆಯನ್ನು ಹೇಗೆ, ಎಷ್ಟು ದಿನ ನುಂಗಬೇಕೆಂದು ಮನದಟ್ಟು ಮಾಡುವುದು, ಆ ಚಿಕಿತ್ಸೆಯ ಖರ್ಚನ್ನು ಮನೆ ತಡೆದುಕೊಂಡೀತೇ ಎಂದು ನೋಡುವುದು, ಈ ಮೂರೂ ಒಂದೇ ವಿದ್ಯೆಯ ಭಾಗಗಳು. ಅದು ಶುಶ್ರೂಷೆಯ ವಿದ್ಯೆ. ಅದಕ್ಕೆ ಬೆಲೆ ಕೊಡದೆ ಬದಿಗಿಟ್ಟಾಗಲೆಲ್ಲ ಆ ಬೆಲೆಯನ್ನು ದುಡಿಯುವವರು ಜೇಬಿನಿಂದಲೂ ಮೈಯಿಂದಲೂ ತೆತ್ತಿದ್ದಾರೆ. ಇದಕ್ಕೆ ಬೇಕಾದ ಪುರಾವೆ ಈ ರಸ್ತೆಯ ಆಚೆ ತುದಿಯ ಹಳ್ಳಿಗಳಲ್ಲಿಯೂ ಈಚೆ ತುದಿಯ ಕಾರ್ಖಾನೆಗಳಲ್ಲಿಯೂ ಇದೆ.

ಬೆಂಗಳೂರಿನಲ್ಲಿ ಆಧುನಿಕ ನರ್ಸಿಂಗ್ ಬೆಳೆದದ್ದು ವಾರ್ಡುಗಳ ಒಳಗೆ. 1886ರಲ್ಲಿ ಸೇಂಟ್ ಮಾರ್ಥಾಸ್, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದವು. ಹಾಸಿಗೆ, ಗಾಯದ ಪಟ್ಟಿ, ಜ್ವರದ ಪಟ್ಟಿ, ಹೆರಿಗೆ ಇವೇ ನರ್ಸ್‌ಗಳ ಲೋಕವಾಯಿತು. ಆಸ್ಪತ್ರೆಯ ಗೋಡೆಯಾಚೆಗೂ ಆರೋಗ್ಯದ ಕೆಲಸವಿದೆ ಎಂಬುದನ್ನು ಮೈಸೂರು ಸಂಸ್ಥಾನ ಬೇಗನೆ ಗುರುತಿಸಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲೂ ಕ್ಲೋಸ್‌ಪೇಟೆಯಲ್ಲೂ, ಅಂದರೆ ಇಂದಿನ ರಾಮನಗರದಲ್ಲೂ, ಆರೋಗ್ಯ ಘಟಕಗಳು ನಡೆದವು. ಆದರೂ ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಲೆಕ್ಕ ಹಾಕಿದಾಗ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯರಿದ್ದರೆ, ಒಬ್ಬ ನರ್ಸ್ ಇದ್ದದ್ದು 43,000 ಜನರಿಗೆ. ಎಲ್ಲರೂ ಕೊರತೆ ಎಂದರೆ ವೈದ್ಯರ ಕೊರತೆ ಎಂದೇ ಅಂದುಕೊಂಡಿದ್ದಾಗ, ನಿಜವಾಗಿ ಆರು ಏಳು ಪಟ್ಟು ದೊಡ್ಡ ಕಂದಕ ಇದ್ದದ್ದು ಶುಶ್ರೂಷೆಯಲ್ಲಿ. ಆ ಕಂದಕ ರೋಗಿಗೆ ಏನು ಮಾಡುತ್ತದೆ ಎಂಬುದು ಹದಿನೇಳು ವರ್ಷಗಳ ನಂತರ ತುಮಕೂರು ಜಿಲ್ಲೆಯಲ್ಲಿ ಸ್ಪಷ್ಟವಾಯಿತು.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1959ರಲ್ಲಿ. ಆಗ ಕ್ಷಯವೆಂದರೆ ಸ್ಯಾನಿಟೋರಿಯಂ; ಮೈಸೂರಿನ ಪಿಕೆಟಿಬಿ, ಬೆಂಗಳೂರಿನ ಎಸ್‌ಡಿಎಸ್‌ನಂಥ ಕಡೆ ತಿಂಗಳುಗಟ್ಟಲೆ ಮಲಗಬೇಕು, ಅದಕ್ಕೂ ಹಾಸಿಗೆ ಸಿಗಬೇಕು. ಹೊಸ ಸಂಸ್ಥೆ ತನ್ನ ಅಧ್ಯಯನಕ್ಕೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಅಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಗಳ ಕ್ಷಯರೋಗಿಗಳನ್ನು ಮಾತನಾಡಿಸಿ ಬರೆದ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಪಂಡಿತರ ನಂಬಿಕೆ. ವರದಿ ಆ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿತ್ತು, ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಬಂದಿದ್ದರು. ಸರ್ಕಾರಿ ದವಾಖಾನೆಗೆ ಹೋದವರ ಕೈಗೆ ಸಾಮಾನ್ಯವಾಗಿ ಬಂದದ್ದು ಒಂದು ಶೀಸೆ ಕೆಮ್ಮಿನ ಔಷಧಿ. ಎಷ್ಟು ದಿನದಿಂದ ಕೆಮ್ಮು, ಕಫ ಬರುತ್ತದೆಯೇ, ಸಂಜೆಯಾದರೆ ಜ್ವರ ಕಾಣಿಸುತ್ತದೆಯೇ, ಮೈ ಇಳಿದಿದೆಯೇ ಎಂದು ಕೇಳಿ ಕಫ ಪರೀಕ್ಷೆಗೆ ಕಳಿಸಿದ್ದರೆ ಅಲ್ಲೇ ರೋಗ ಸಿಕ್ಕಿಬೀಳುತ್ತಿತ್ತು. ಕೇಳುವವರೇ ಇರಲಿಲ್ಲ. ಅದೇ ಸಂಸ್ಥೆ 1961ರಿಂದ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ದೀರ್ಘ ಅಧ್ಯಯನ, ಕೇಳದೆ ಬಿಟ್ಟ ಕೆಮ್ಮು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ತೋರಿಸಿತು: ಮೊದಲ ಸಮೀಕ್ಷೆಯಲ್ಲಿ ಕಫದಲ್ಲಿ ಕ್ಷಯದ ಜೀವಾಣು ಕಂಡವರಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ತೀರಿಕೊಂಡಿದ್ದರು.

ಇದು ವೈದ್ಯರ ಸೋಲಲ್ಲವೇ, ಇದರಲ್ಲಿ ನರ್ಸಿಂಗ್ ಎಲ್ಲಿ ಬಂತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಶೀಸೆ ಬರೆದುಕೊಟ್ಟದ್ದು ವೈದ್ಯರು, ತುಂಬಿಕೊಟ್ಟದ್ದು ಕಂಪೌಂಡರ್. ಆದರೆ ನೂರಾರು ಜನ ಸಾಲುಗಟ್ಟಿದ ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರು ಒಬ್ಬೊಬ್ಬರ ಕೆಮ್ಮಿನ ವಯಸ್ಸು ವಿಚಾರಿಸುತ್ತ ಕೂತರೆ ಸಾಲು ಕರಗುವುದಿಲ್ಲ ಎಂಬುದು ಅಂದಿಗೂ ನಿಜ, ಇಂದಿಗೂ ನಿಜ. ಆ ವಿಚಾರಣೆ ಸಾಲು ವೈದ್ಯರ ಮೇಜು ಮುಟ್ಟುವ ಮೊದಲೇ ಆಗಬೇಕು. ರೋಗಿಯನ್ನು ಕೂರಿಸಿ, ತೂಕ ನೋಡಿ, ಉಸಿರಾಟ ಎಣಿಸಿ, ಮನೆಯ ಸ್ಥಿತಿ ಕೇಳಿ, ಇವರು ಮುಂದೆ ಹೋಗಲಿ, ಇವರ ಕಫ ಪರೀಕ್ಷೆಯಾಗಲಿ ಎಂದು ವಿಂಗಡಿಸುವವರು ಬೇಕು. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ಕಲೆಗೇ ಒಂದು ಅಧ್ಯಾಯ ಮೀಸಲಿಟ್ಟು ನೂರು ವರ್ಷವಾಗಿತ್ತು. ನಮ್ಮ ದವಾಖಾನೆಗಳಲ್ಲಿ ಆ ಕಲೆಗೆ ಒಂದು ಕುರ್ಚಿಯೂ ಇರಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ತುಮಕೂರಿನ ಪಾಠವನ್ನು, ವರದಿ ಅಚ್ಚಾಗುವ ಮೊದಲೇ, ಕಲಿತು ಸಾಮಾನ್ಯ ಆಸ್ಪತ್ರೆಗೆ ತಾವಾಗಿಯೇ ಕೆಮ್ಮಿಕೊಂಡು ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ತಂದಿತು. ಸೂಕ್ಷ್ಮದರ್ಶಕ ಬಂತು, ಆದರೆ ಯಾರ ಕಫ ಅದರ ಅಡಿಗೆ ಹೋಗಬೇಕು ಎಂದು ಕೇಳಿ ತಿಳಿಯುವ ಕೆಲಸ ಯಾರದೆಂಬುದು ಬಹುಕಾಲ ಗಟ್ಟಿಯಾಗಲಿಲ್ಲ.

ಎರಡನೆಯ ಪುರಾವೆ ಮದರಾಸಿನಿಂದ ಬಂದದ್ದು, ಮಾತ್ರೆಯ ಬಗೆಗಿನದು. 1956ರಲ್ಲಿ ಶುರುವಾದ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂಗೆ ಸೇರಿಸಿ, ಕೆಲವರನ್ನು ಅವರ ಇಕ್ಕಟ್ಟಾದ ಮನೆಗಳಲ್ಲೇ ಇರಿಸಿ, ಎರಡೂ ಗುಂಪಿಗೆ ಒಂದೇ ಔಷಧಿಯನ್ನು ಒಂದು ವರ್ಷ ಕೊಟ್ಟಿತು. 1959ರಲ್ಲಿ ಹೊರಬಂದ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು: ಮನೆಯಲ್ಲಿದ್ದವರೂ ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾದರು. ಈ ಪ್ರಯೋಗವನ್ನು ಔಷಧಿಯ ಗೆಲುವೆಂದು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಮನೆಯಲ್ಲಿದ್ದವರ ಗುಂಪಿಗೆ ಮಾತ್ರೆ ಕೊಟ್ಟು ಕೈತೊಳೆದುಕೊಂಡಿರಲಿಲ್ಲ. ಆರೋಗ್ಯ ಸಂದರ್ಶಕಿಯರು ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸಿ ಔಷಧಿ ಒಳಗೆ ಹೋಗಿದೆಯೇ ಎಂದು ನೋಡುತ್ತಿದ್ದರು, ತಪ್ಪಿಸಿದವರ ಕಷ್ಟ ವಿಚಾರಿಸುತ್ತಿದ್ದರು. ಸ್ಯಾನಿಟೋರಿಯಂನ ಖರ್ಚು ಉಳಿದದ್ದು ಈ ಸಂದರ್ಶಕಿಯರ ನಡಿಗೆಯಿಂದ. ಮುಂದೆ ದೇಶ ಮನೆಯ ಚಿಕಿತ್ಸೆಯನ್ನು ಒಪ್ಪಿಕೊಂಡಿತು, ನಡಿಗೆಯನ್ನು ಬಹುಪಾಲು ಕೈಬಿಟ್ಟಿತು. ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯಿರಿ ಎಂದಷ್ಟೇ ಹೇಳಿದ ವ್ಯವಸ್ಥೆಯಲ್ಲಿ ಜನ ನಡುವೆಯೇ ಬಿಟ್ಟರೆ ಆಶ್ಚರ್ಯವೇನಿದೆ?

ಏಕೆ ಬಿಡುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ಷಯದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗುತ್ತದೆ, ಜ್ವರ ಬಿಡುತ್ತದೆ, ಊಟ ಸೇರುತ್ತದೆ. ಹುಷಾರಾಯಿತು ಎಂದುಕೊಂಡು ಕೆಲಸಕ್ಕೆ ಹೋಗುವವರಿಗೆ ಇನ್ನೂ ನಾಲ್ಕು ತಿಂಗಳು ಏಕೆ ನುಂಗಬೇಕೆಂದು ಯಾರೋ ಕೂತು ಹೇಳಬೇಕು. ರಿಫಾಂಪಿಸಿನ್ ನುಂಗಿದ ಮೊದಲ ದಿನವೇ ಮೂತ್ರ ಕಿತ್ತಳೆಗೆಂಪಾಗುತ್ತದೆ. ಮುಂಚೆಯೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆಯನ್ನು ಎಸೆಯುವುದು ಸಹಜ. ಐಸೋನಿಯಾಜಿಡ್‌ನಿಂದ ಅಂಗಾಲು ಜೋಮು ಹಿಡಿಯಬಹುದು, ಅದಕ್ಕೆ ಬಿ6 ಮಾತ್ರೆಯಿದೆ ಎಂದು ತಿಳಿಸಬೇಕು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದು ಬೇರೆ ಮಾತು, ಆಗ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು ಎಂದೂ ಎಚ್ಚರಿಸಬೇಕು. ಕುಡಿಯುವ ಅಭ್ಯಾಸವಿದೆಯೇ ಎಂದು ಹೆಂಡತಿಯ ಎದುರಲ್ಲದೆ ಕೇಳಬೇಕು. ರಾತ್ರಿ ಪಾಳಿಯವರಿಗೆ ಬೆಳಗಿನ ಖಾಲಿ ಹೊಟ್ಟೆ ಯಾವ ಹೊತ್ತು ಎಂಬುದನ್ನೂ ಅವರ ಜೊತೆ ಕೂತೇ ನಿಗದಿ ಮಾಡಬೇಕು. ಇದ್ಯಾವುದೂ ಚೀಟಿಯಲ್ಲಿ ಬರೆದಿರುವುದಿಲ್ಲ. ಇದಿಷ್ಟನ್ನೂ ಬಲ್ಲವರು ರೋಗಶಾಸ್ತ್ರ, ಔಷಧಶಾಸ್ತ್ರ, ಮನುಷ್ಯಸ್ವಭಾವ ಮೂರನ್ನೂ ಒಟ್ಟಿಗೆ ಬಲ್ಲವರು.

ಇದಕ್ಕೆ ಬರುವ ಬಲವಾದ ಆಕ್ಷೇಪ ಡಾಟ್ಸ್‌ನದು. 1997ರಿಂದ ಹಬ್ಬಿದ ಪರಿಷ್ಕೃತ ಕಾರ್ಯಕ್ರಮ ಮಾತ್ರೆಯನ್ನು ಕಾರ್ಯಕರ್ತರ ಕಣ್ಣೆದುರಿಗೇ ನುಂಗಿಸಿತು. ಕಫದಲ್ಲಿ ಜೀವಾಣು ಕಂಡ ಹೊಸ ರೋಗಿಗಳಲ್ಲಿ ಚಿಕಿತ್ಸೆಯ ಯಶಸ್ಸು ಶೇ 85ರ ಆಚೀಚೆಗೆ ಏರಿತು. ಹಾಗಾದರೆ ನುಂಗಿಸಿದರೆ ಸಾಕು, ವಿವರಿಸುವ ವಿದ್ಯೆ ಏಕೆ? ಆ ಏರಿಕೆಯನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ. ಆದರೆ ಆ ಕಾರ್ಯಕ್ರಮ ಕಣ್ಗಾವಲಿನ ಜೊತೆಗೆ ಇನ್ನೂ ಎರಡನ್ನು ತಂದಿತ್ತು: ಪ್ರತಿ ರೋಗಿಯ ಹೆಸರಿನಲ್ಲಿ ಪೂರ್ತಿ ಚಿಕಿತ್ಸೆಯ ಔಷಧಿಯನ್ನು ಒಂದೇ ಪೆಟ್ಟಿಗೆಯಲ್ಲಿ ಉಚಿತವಾಗಿ ಎತ್ತಿಟ್ಟಿತು, ಮತ್ತು ರೋಗಿಯ ಮನೆಯ ಸಮೀಪವೇ ಮಾತನಾಡಿಸುವ ಒಬ್ಬರನ್ನು ಇರಿಸಿತು. ಇವುಗಳಲ್ಲಿ ಕಣ್ಗಾವಲನ್ನಷ್ಟೇ ಬೇರ್ಪಡಿಸಿ ಅಳೆದ ಪ್ರಯೋಗಗಳನ್ನು ಕೊಕ್ರೇನ್ ಪರಿಶೀಲನೆ 2015ರಲ್ಲಿ ಒಟ್ಟುಮಾಡಿ ನೋಡಿದಾಗ, ಎದುರಿಗೆ ನುಂಗಿಸಿದ್ದರಿಂದಲೇ ಗುಣವಾಗುವ ಪ್ರಮಾಣ ಹೆಚ್ಚಿತು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ವಾರಕ್ಕೆ ಮೂರು ಸಲ ಕೇಂದ್ರಕ್ಕೆ ಹೋಗಬೇಕೆಂದರೆ ದಿನಗೂಲಿಯವರಿಗೆ ವಾರಕ್ಕೆ ಮೂರು ಸಲ ಮೇಸ್ತ್ರಿಯ ಮುಖ ನೋಡಬೇಕು ಎಂದರ್ಥ. 2017ರಲ್ಲಿ ದೇಶ ದಿನಂಪ್ರತಿ ಮಾತ್ರೆಯ ಕ್ರಮಕ್ಕೆ ಬದಲಾಯಿತು. ಮನೆಯಲ್ಲೇ ನುಂಗುವವರು ಹೆಚ್ಚಿದಂತೆ ತಿಳಿಹೇಳುವವರ ಅಗತ್ಯ ಮತ್ತೆ ಮುಂದೆ ಬಂತು.

ಈಗ ರಸ್ತೆಯ ಈಚೆ ತುದಿಗೆ ಬರೋಣ. ಜಾಲಹಳ್ಳಿಯ ಸುತ್ತ 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದಾಗ ಕಾರ್ಖಾನೆಯ ಜೊತೆಗೇ ಕಾಲೊನಿ, ಆಸ್ಪತ್ರೆಗಳೂ ಬಂದವು. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಬೇರೆಯೇ ಬಗೆ. ಲೇತ್, ಪ್ರೆಸ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ನಡೆಸುವ ಸಣ್ಣಸಣ್ಣ ಶೆಡ್ಡುಗಳು, ಹತ್ತು ಹದಿನೈದು ಕೆಲಸಗಾರರು. ಬೆಂಗಳೂರಿಗೆ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, 1958ರಲ್ಲೇ ಬಂದಿತ್ತು, ಆದರೆ ಕಾನೂನು ಆಗ ಒಳಗೊಂಡದ್ದು ವಿದ್ಯುತ್ ಬಳಸುವ, ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳನ್ನು. ಆ ಮಿತಿ ಹತ್ತಕ್ಕೆ ಇಳಿದದ್ದು 1989ರ ತಿದ್ದುಪಡಿಯಿಂದ. ಅಂದರೆ ಪೀಣ್ಯದ ಮೊದಲ ತಲೆಮಾರಿನ ಶೆಡ್ಡು ಕೆಲಸಗಾರರಲ್ಲಿ ಹಲವರು ವಿಮೆಯ ಹೊರಗೇ ಉಳಿದು ದುಡಿದರು. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮೂ ಇದೇ ರೀತಿ: ಐನೂರಕ್ಕಿಂತ ಹೆಚ್ಚು ಜನರಿದ್ದರೆ ಆಂಬುಲೆನ್ಸ್ ಕೋಣೆಯಿರಬೇಕಿತ್ತು, ಅದರಲ್ಲಿ ವೈದ್ಯಕೀಯ ಮತ್ತು ನರ್ಸಿಂಗ್ ಸಿಬ್ಬಂದಿಯಿರಬೇಕಿತ್ತು, ಅದಕ್ಕಿಂತ ಚಿಕ್ಕದಾದರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಾಕಿತ್ತು. ಹೀಗೆ ದೊಡ್ಡ ಗಾರ್ಮೆಂಟ್ಸ್‌ಗೆ ಒಬ್ಬ ಸಿಸ್ಟರ್ ಬಂದರು, ಪಕ್ಕದ ಶೆಡ್ಡಿಗೆ ಒಂದು ಪೆಟ್ಟಿಗೆ ಬಂತು. ಪೆಟ್ಟಿಗೆ ಗಾಯಕ್ಕೆ ಪಟ್ಟಿ ಕೊಡುತ್ತದೆ, ಆದರೆ ಕೆಮ್ಮಿಗೆ ಎಷ್ಟು ದಿನವಾಯಿತೆಂದು ಕೇಳುವುದಿಲ್ಲ.

ಖರ್ಚಿನ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಕಾಯಿಲೆಯಿಂದ ಮನೆ ಮುಳುಗುವುದು ದೊಡ್ಡ ಆಪರೇಷನ್‌ನಿಂದ ಎಂದು ನಾವು ನಂಬಿದ್ದೇವೆ, ನಮ್ಮ ಯೋಜನೆಗಳೂ ಹಾಗೇ ನಂಬಿವೆ. 2003ರ ಯಶಸ್ವಿನಿಯಿಂದ ಹಿಡಿದು ಇಂದಿನ ಆಯುಷ್ಮಾನ್ ಕಾರ್ಡ್‌ವರೆಗೆ ಬಹುತೇಕ ಎಲ್ಲವೂ ಆಸ್ಪತ್ರೆ ಸೇರಿದವರ ಖರ್ಚಿಗೆ ಹೆಗಲು ಕೊಡುತ್ತವೆ. ಆದರೆ ಬೆಂಗಳೂರಿನದೇ ಕಾಡುಗೊಂಡನಹಳ್ಳಿಯಲ್ಲಿ ಸಾವಿರಾರು ಮನೆಗಳನ್ನು ಸಮೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ದೀರ್ಘಕಾಲದ ಕಾಯಿಲೆಯವರಿದ್ದ ಕುಟುಂಬಗಳಲ್ಲಿ ಶೇ 16ರಷ್ಟು ಮನೆಗಳು ಹೊರರೋಗಿ ಚಿಕಿತ್ಸೆಯೊಂದಕ್ಕೇ ತಮ್ಮ ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚನ್ನು ಸುರಿಯುತ್ತಿದ್ದವು. ಬಿಪಿ, ಶುಗರ್ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಕ್ಲಿನಿಕ್ಕಿನ ಫೀಸು, ಆಟೊ ಬಾಡಿಗೆ, ಅರ್ಧ ದಿನದ ಕೂಲಿ: ಚಿಲ್ಲರೆಯಾಗಿ ಹೋಗುವ ಹಣ ಇದು. ಯಾವ ಬ್ರ್ಯಾಂಡಿನ ಬದಲು ಯಾವ ಜನರಿಕ್ ಆಗುತ್ತದೆ, ಯಾವ ಪರೀಕ್ಷೆ ಸರ್ಕಾರಿ ಕೇಂದ್ರದಲ್ಲಿ ಉಚಿತ, ಯಾವ ಮಾತ್ರೆಯನ್ನು ದುಡ್ಡಿಲ್ಲವೆಂದು ಅರ್ಧಕ್ಕೆ ತುಂಡು ಮಾಡಲೇಬಾರದು ಎಂದು ಹೇಳುವವರು ಸಿಕ್ಕರೆ ಈ ಚಿಲ್ಲರೆ ಖರ್ಚು ತಗ್ಗುತ್ತದೆ.

ಹಣದ ವಿಚಾರ ಎತ್ತುವುದು ನರ್ಸ್‌ನ ಘನತೆಗೆ ತಕ್ಕದ್ದಲ್ಲ, ಅದು ಬಿಲ್ಲಿಂಗ್ ಕೌಂಟರಿನ ಕೆಲಸ ಎಂಬ ಮಾತನ್ನು ನಾನು ಒಪ್ಪಲಾರೆ. ಹಣವಿಲ್ಲದೆ ನಿಂತ ಮಾತ್ರೆಯೂ ಮರೆತು ಬಿಟ್ಟ ಮಾತ್ರೆಯೂ ದೇಹದೊಳಗೆ ಒಂದೇ ಕೆಡುಕು ಮಾಡುತ್ತವೆ. ಆದ್ದರಿಂದ ಮನೆಯ ವರಮಾನ ಕೇಳುವುದು ನಾಡಿ ಹಿಡಿದು ನೋಡುವಷ್ಟೇ ರೋಗಿಯ ತಪಾಸಣೆ. ಒಂದು ಉದಾಹರಣೆ ಸಾಕು. ಇಎಸ್‌ಐ ಚಂದಾದಾರರು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಪರಿಹಾರ ಸಿಗುತ್ತದೆ ಎಂಬುದು ಹಲವರಿಗೆ ಗೊತ್ತು. ಕ್ಷಯದಂಥ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿರುವವರಿಗೆ, ಎರಡು ವರ್ಷ ಸತತ ಕೆಲಸ ಮತ್ತು ನಿಗದಿತ ದಿನಗಳ ಚಂದಾ ಇದ್ದರೆ, ಕೂಲಿಯ ಶೇ 80ರಷ್ಟನ್ನು ಎರಡು ವರ್ಷಗಳವರೆಗೂ ಪಡೆಯುವ ಹಕ್ಕಿದೆ ಎಂಬುದನ್ನು ಕಾಯಿಲೆ ಗೊತ್ತಾದ ದಿನವೇ ತಿಳಿಸುವವರು ಬೇಕು. ಕೆಲಸ ಹೋಗುತ್ತದೆ ಎಂದು ರೋಗ ಮುಚ್ಚಿಟ್ಟು, ಮಾತ್ರೆ ಬಿಟ್ಟು ಪಾಳಿಗೆ ಹೋಗುವವರ ಕೈಯಲ್ಲಿ ಆ ಒಂದು ಮಾಹಿತಿ ರಿಫಾಂಪಿಸಿನ್‌ನಷ್ಟೇ ಕೆಲಸ ಮಾಡಬಲ್ಲದು. ನಿ-ಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರಬೇಕು. ಖಾತೆಯ ಸಂಖ್ಯೆ ಸರಿಯಾಗಿ ದಾಖಲಾಗಿದೆಯೇ ಎಂದು ನೋಡುವುದೂ ಚಿಕಿತ್ಸೆಯೇ.

ವೈದ್ಯರ ಕಡೆಯಿಂದ ಬರುವ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಕೈಗಾರಿಕಾ ಬಡಾವಣೆಗಳ ಗಲ್ಲಿಗಳಲ್ಲಿ ಓದದವರು ಸೂಜಿ ಚುಚ್ಚಿ, ಗ್ಲೂಕೋಸ್ ಏರಿಸಿ ದುಡ್ಡು ಮಾಡುವಾಗ, ನರ್ಸ್‌ಗೂ ಹೆಚ್ಚು ಅಧಿಕಾರ ಕೊಟ್ಟರೆ ಗೆರೆ ಇನ್ನಷ್ಟು ಮಸುಕಾಗುವುದಿಲ್ಲವೇ ಎಂಬುದು ಅವರ ಭಯ. ಕ್ಷಯದ ಔಷಧಿಗಳನ್ನು 2014ರಿಂದ ಎಚ್1 ಅನುಸೂಚಿಗೆ ಸೇರಿಸಿ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡಿರುವುದೂ ಇದೇ ಭಯದಿಂದ, ಸರಿಯಾದ ಕಾರಣಕ್ಕೆ. ಆದರೆ ಇಲ್ಲಿ ಕೇಳುತ್ತಿರುವುದು ಚೀಟಿ ಬರೆಯುವ ಅಧಿಕಾರವನ್ನಲ್ಲ. ಚೀಟಿಗೆ ಮೊದಲಿನ ವಿಚಾರಣೆಗೂ ನಂತರದ ತಿಳಿವಳಿಕೆಗೂ ಒಂದು ಮೇಜು, ಸಮಯ, ಸಂಬಳ. ತರಬೇತಿ ಪಡೆದ, ನೋಂದಾಯಿತ ನರ್ಸ್ ಆ ಮೇಜಿನಲ್ಲಿದ್ದರೆ ಗಲ್ಲಿಯ ಸೂಜಿಗೆ ಗಿರಾಕಿ ಕಡಿಮೆಯಾಗುತ್ತಾರೆ. ನರ್ಸ್‌ಗಳೇ ಪ್ರಾಥಮಿಕ ಆರೈಕೆ ನಡೆಸಿದ ಪ್ರಯೋಗಗಳನ್ನು ಕೊಕ್ರೇನ್ 2018ರಲ್ಲಿ ಪರಿಶೀಲಿಸಿ, ರೋಗಿಗಳ ಫಲಿತಾಂಶ ವೈದ್ಯರದಕ್ಕೆ ಸಮ ಅಥವಾ ತುಸು ಮೇಲು ಎಂದು ಕಂಡುಕೊಂಡಿತು; ಭೇಟಿಗೆ ಹೆಚ್ಚು ಹೊತ್ತು ಹಿಡಿಯಿತು ಎಂದೂ ಹೇಳಿತು. ಅವು ಹೆಚ್ಚಾಗಿ ಶ್ರೀಮಂತ ದೇಶಗಳ ಪ್ರಯೋಗಗಳೆಂಬುದನ್ನು ಮರೆಯಬಾರದು. ಹೆಚ್ಚು ಹೊತ್ತು ಹಿಡಿದದ್ದನ್ನು ದೋಷವೆಂದು ನಾನು ಎಣಿಸುವುದಿಲ್ಲ, ತುಮಕೂರಿನ ರೋಗಿಗಳಿಗೆ ದಕ್ಕದೆ ಹೋದದ್ದು ಆ ಹೊತ್ತೇ.

ಇರುವ ನರ್ಸ್‌ಗಳೇ ಹೊರೆಯಲ್ಲಿ ನುಗ್ಗಾಗಿದ್ದಾರೆ, ಇನ್ನೂ ಹೊರಿಸುವುದು ಅನ್ಯಾಯ ಎಂಬುದು ಕೊನೆಯ ಆಕ್ಷೇಪ, ನನ್ನನ್ನು ಹೆಚ್ಚು ತಟ್ಟುವ ಆಕ್ಷೇಪ. ಐದು ರೋಗಿಗಳಿಗೆ ಒಬ್ಬರು ಎಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ ಎಷ್ಟು ಸಾಮಾನ್ಯ ವಾರ್ಡುಗಳಲ್ಲಿ ನಿಜವಾಗಿದೆ ಎಂಬುದು ರಾತ್ರಿ ಪಾಳಿ ಮಾಡಿದ ಎಲ್ಲರಿಗೂ ಗೊತ್ತು. ಗುತ್ತಿಗೆಯ ಸಂಬಳದಲ್ಲಿ ದುಡಿಯುವವರಿಗೆ ಜ್ಞಾನದ ಹೊಣೆ ಹೊರಿಸಿ ಗೌರವದ ಮಾತಾಡಿದರೆ ಪ್ರಯೋಜನವಿಲ್ಲ. ಆದರೆ ಅವರ ದಿನದ ಎಷ್ಟೋ ಭಾಗ ರಿಜಿಸ್ಟರ್ ತುಂಬುವುದರಲ್ಲಿ, ಒಂದೇ ವಿವರವನ್ನು ಎರಡು ಮೂರು ಕಡೆ ಬರೆಯುವುದರಲ್ಲಿ ಕಳೆಯುತ್ತದೆ. ಆ ಕೆಲಸ ಗುಮಾಸ್ತರದು. ಆಯುಷ್ಮಾನ್ ಭಾರತದಡಿ 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಹೆಚ್ಚಾಗಿ ನರ್ಸಿಂಗ್ ಓದಿದವರನ್ನು ನೇಮಿಸಿದ್ದು, 1946ರಲ್ಲಿ ಗುರುತಿಸಿದ ಕಂದಕಕ್ಕೆ ತಡವಾಗಿಯಾದರೂ ಹಾಕಿದ ಮಣ್ಣು. ನಗರಗಳ ಕಾರ್ಮಿಕರ ಪಾಲಿಗೆ 2022ರ ಡಿಸೆಂಬರ್‌ನಿಂದ ನಮ್ಮ ಕ್ಲಿನಿಕ್‌ಗಳು ಬಂದಿವೆ, ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ತಂತ್ರಜ್ಞರೊಂದಿಗೆ. ಇವು ಹೆಚ್ಚಾಗಿ ತೆರೆದಿರುವ ಹೊತ್ತು ಮತ್ತು ಪೀಣ್ಯದ ಜನರಲ್ ಶಿಫ್ಟ್ ನಡೆಯುವ ಹೊತ್ತು ಒಂದರ ಮೇಲೊಂದು ಬೀಳುತ್ತವೆ. ವಾರಕ್ಕೆ ಎರಡು ಸಂಜೆಯಾದರೂ ನರ್ಸ್‌ನ ಮೇಜು ತೆರೆದಿದ್ದರೆ ಕೂಲಿ ಕಳೆದುಕೊಳ್ಳದೆ ಬರುವವರು ಬರುತ್ತಾರೆ.

ಗಾರ್ಮೆಂಟ್ಸ್‌ಗಳ ಆಂಬುಲೆನ್ಸ್ ಕೋಣೆಯಲ್ಲಿ ಇದನ್ನು ನಾಳೆಯಿಂದಲೇ ಶುರು ಮಾಡಬಹುದು. ಯಾರಿಗೆ ತಲೆನೋವು, ಯಾರಿಗೆ ಕೆಮ್ಮು, ಯಾವ ಮಾತ್ರೆ ಕೊಟ್ಟದ್ದು ಎಂದು ಸಿಸ್ಟರ್ ದಿನಾ ಬರೆದಿಡುವ ಪುಸ್ತಕವಿರುತ್ತದೆ. ಒಂದೇ ಹೆಸರಿನ ಮುಂದೆ ಎರಡು ವಾರದಲ್ಲಿ ಮೂರು ಸಲ ಕೆಮ್ಮು ಎಂದಿದ್ದರೆ ನಾಲ್ಕನೆಯ ಸಲ ಸಿರಪ್ ಕೊಡದೆ, ಆ ಹೆಣ್ಣುಮಗಳನ್ನು ಕೂರಿಸಿ ತೂಕ ನೋಡಿ, ಕಫ ಪರೀಕ್ಷೆಗೆ ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಕಳಿಸುವ ಪತ್ರ ಬರೆದು, ಅರ್ಧ ದಿನದ ಗೇಟ್ ಪಾಸ್‌ಗೆ ಸೂಪರ್‌ವೈಸರ್‌ರಿಂದ ಸಹಿ ಹಾಕಿಸುವ ಅಧಿಕಾರ ಆ ಸಿಸ್ಟರ್‌ಗೆ ಇರಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ಸುತ್ತೋಲೆ ಸಾಕು.